ಅಕ್ಕನ ಕಾರಿಗೆ ನನ್ನ ಜೀಪಿನ ಆಯಿಲ್

ಮೆಕ್ಯಾನಿಕ್ ಪಳನಿ ಆಗಲೇ ಕಾರಿನ ಅಡಿಗೆ ತೂರಿ ಸ್ಪ್ಯಾನರ್ ಹಿಡಿದಿದ್ದ. ಇನ್ನೊಂದು ತಿರುವು ತಿರುವಿದ್ದರೆ ಅಕ್ಕನ ಹೊಸ ಕಾರಿನ ಇಂಜಿನ್ ಆಯಿಲ್ ಅಷ್ಟೂ ಬಕೆಟ್ಟಿಗೆ ಇಳಿದುಹೋಗುತ್ತಿತ್ತು. ಇಳಿಸು ಅಂದವರು ಯಾರು? ನಾನೇ.

ಮೊದಲಿನಿಂದ ಹೇಳುತ್ತೇನೆ. ನಮ್ಮಕ್ಕ ಮಾರಂಡಹಳ್ಳಿಯಲ್ಲಿ ಟೀಚರ್ ಆಗಿ ರಿಟೈರ್ ಆದವಳು. ಅರವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು. ಹೋದ ತಿಂಗಳು ಕಾರನ್ನೂ ತಂದಳು. (ನೀಲಿ ಬಣ್ಣದ್ದು. ನಾವೆಲ್ಲ ಬಿಳಿ ತಗೋ ಅಂದಿದ್ದೆವು.) ಮೊನ್ನೆ ಸೇಲಂನಲ್ಲಿರುವ ಮಗಳ ಮನೆಗೆ ಅದರಲ್ಲೇ ಹೊರಟಳು. ಜೊತೆಗೆ ಬಾ ಎಂದು ನನ್ನನ್ನೂ ಕರೆದಳು.

ನಾನೋ, ಇಪ್ಪತ್ತೈದು ವರ್ಷದಿಂದ ಒಂದೇ ಜೀಪ್ ಓಡಿಸುತ್ತಿರುವವನು. ಸುಮ್ಮನಿರಲು ಆಗುತ್ತದೆಯೇ? ಹಿಂದಿನ ದಿನ ಅವಳು ಅಡುಗೆಮನೆಯಲ್ಲಿದ್ದಾಗ ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದೆ. ಆಯಿಲ್ ನೀರಿನ ಹಾಗೆ ತೆಳ್ಳಗಿತ್ತು. ಇಂಥದ್ದನ್ನು ನಂಬಿ ತೊಪ್ಪೂರು ಘಾಟ್ ಇಳಿಯುವುದೇ? ನೇರ ಅಂಗಡಿಗೆ ಹೋಗಿ, ನನ್ನ ಜೀಪಿಗೆ ಹಾಕುವ ಟ್ವೆಂಟಿ ಡಬ್ಲ್ಯು ಫಿಫ್ಟಿ ಎಂಬ ಮಂದ ಆಯಿಲಿನ ಡಬ್ಬ ತಂದು ಡಿಕ್ಕಿಯಲ್ಲಿಟ್ಟೆ. ಅಕ್ಕನಿಗೆ ಹೇಳಲಿಲ್ಲ. ಹೆದರಿಕೊಂಡಾಳು ಅನ್ನಿಸಿತು.

ಹೆದರಿದ್ದು ನಾನು. ಅವಳು ಲಾರಿಗಳ ನಡುವೆ ಗೇರ್ ಇಳಿಸಿಕೊಂಡು ಘಾಟನ್ನು ನಿಧಾನವಾಗಿ, ನೀಟಾಗಿ ಇಳಿದಳು. ಕಡಯಂಪಟ್ಟಿಯಲ್ಲಿ ಪಳನಿಯ ಶೆಡ್ ಬಂತು. ನನ್ನ ಜೀಪ್ ನೋಡಿಕೊಳ್ಳುವವನು ಅವನೇ. ಒಂದ್ಸಲ ಚೆಕ್ ಮಾಡಿಸೋಣ ಎಂದು ಕಾರು ನಿಲ್ಲಿಸಲು ಹೇಳಿದೆ. ಅಕ್ಕ ಬೆಂಚಿನ ಮೇಲೆ ಕೂತಳು. ಆಯಿಲ್ ಬದಲಿಸು ಎಂದು ನಾನು ಪಳನಿಯ ಕಿವಿಯಲ್ಲಿ ಹೇಳಿದೆ. ಅವನು ಇಂಜಿನ್ನಿನ ಮೇಲಿನ ಆಯಿಲ್ ಮುಚ್ಚಳ ನೋಡಿದ, ಡಬ್ಬ ನೋಡಿದ, ಇದು ಬೇರೆ ಅಲ್ಲವೇ ಎಂದ. ನನಗೆ ಗೊತ್ತು ಅಂದೆ. ಹಳೇ ಗಿರಾಕಿ, ಏನು ಮಾಡಿಯಾನು? ಕಾರಿನ ಅಡಿಗೆ ತೂರಿದ.

"ಪಳನಿ, ಎದ್ದು ಈಚೆ ಬಾಪ್ಪಾ."

ಅದು ಟೀಚರ್ ದನಿ. ಕಾರಿನ ಪಕ್ಕ ಇಟ್ಟಿದ್ದ ಡಬ್ಬ ಅವಳ ಕಣ್ಣಿಗೆ ಬಿದ್ದಿತ್ತು. ಅವನು ಬಂದ. ಅಕ್ಕನ ಕೈಯಲ್ಲಿ ಕಾರಿನ ಜೊತೆ ಕೊಟ್ಟಿದ್ದ ಪುಸ್ತಕವಿತ್ತು. ಬೆರಳಿಟ್ಟ ಸಾಲಿನಲ್ಲಿ ಜೀರೋ ಡಬ್ಲ್ಯು ಟ್ವೆಂಟಿ ಎಂದಿತ್ತು. ಕೆಳಗೆ ಪೆನ್ಸಿಲಿನ ಗೆರೆ. ಆಯಿಲ್ ಸುರಿಯುವ ಮುಚ್ಚಳದ ಮೇಲೂ ಅದೇ ಅಚ್ಚು.

ಪಳನಿಗೆ ಈಗ ಧೈರ್ಯ ಬಂತು. ಮೊದಲನೇ ನಂಬರ್ ತಣ್ಣಗಿರುವ ಇಂಜಿನ್ನಿನಲ್ಲಿ ಆಯಿಲ್ ಎಷ್ಟು ಬೇಗ ಹರಿಯುತ್ತದೆ ಎಂದು ಹೇಳುತ್ತದಂತೆ. ಎರಡನೆಯದು, ಬಿಸಿಯಾದ ಮೇಲೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂದು. ಹೊಸ ಇಂಜಿನ್ನಿನ ಸಂದುಗಳು ಬಲು ಸಣ್ಣವು, ತೆಳು ಆಯಿಲ್ಲೇ ಅವಕ್ಕೆ ಸರಿ. ಸವೆದ ಜೀಪಿನ ಲೆಕ್ಕ ಬೇರೆ.

"ಅಂಬಲಿ ಓಗೋ ಸಂದೀಲಿ ಮುದ್ದೆ ತುರುಕಕ್ಕಾಯ್ತದಾ ಅಣ್ಣಾ?" ಅಂದ.

ಅಕ್ಕ ನಗಲಿಲ್ಲ. "ಲೇ, ವಂಡಿ ನಂದು. ನನ್ನ ಒಂದ್ ಮಾತು ಕೇಳ್ಬೇಕು ಅಂತ ನಿಂಗೆ ಅನ್ನಿಸ್ನೇ ಇಲ್ವಾ?"

ಅನ್ನಿಸಿರಲಿಲ್ಲ, ಅದೇ ನಿಜ. ಕಾರು ಮನೆಗೆ ಬಂದ ದಿನದಿಂದ ಅವಳು ಆ ಪುಸ್ತಕವನ್ನು ಮೂರು ಸಲ ಓದಿದ್ದಳಂತೆ. (ನನ್ನ ಜೀಪಿನ ಪುಸ್ತಕ ಎಲ್ಲಿದೆ ಎಂದು ದಯವಿಟ್ಟು ಕೇಳಬೇಡಿ.) ಅವಳಿಗೇನು ಗೊತ್ತು ಎಂದುಕೊಂಡೇ ನಾನು ಬಾನೆಟ್ ಎತ್ತಿದ್ದೆ. ನನ್ನ ಅನುಭವವೆಲ್ಲ ಒಂದೇ ಒಂದು ಗಾಡಿಯದು ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ತಪ್ಪಾಯಿತಕ್ಕಾ ಅಂದೆ. ಪಳನಿ ಸಡಿಲಿಸಿದ್ದ ಬೋಲ್ಟನ್ನು ಮತ್ತೆ ಬಿಗಿ ಮಾಡಿದ. ಅವಳು ಟೀ ತರಿಸಿದಳು, ಮೂವರಿಗೂ.

ಓಮಲೂರು ದಾಟುವಾಗ ಅವಳಿಗೆ ನಗು ಶುರುವಾಯಿತು. ಸೇಲಂ ತಲುಪಿದ ಮೇಲೆ, ನಾನು ಪಳನಿಯ ಕಿವಿಗೆ ಬಾಗಿದ್ದನ್ನು ಮಗಳ ಮುಂದೆ ನಟಿಸಿಯೇ ತೋರಿಸಿದಳು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಸಂಜೆ ಹೊರಡುವಾಗ ಪಕ್ಕದ ಮನೆಯ ಯಜಮಾನರು ಗೇಟಿನ ಬಳಿ ಬಂದರು. ನೀಲಿ ಕಾರನ್ನು ಮೆಚ್ಚಿಕೊಂಡು, "ಮೈಲೇಜ್ ಎವ್ವಳವು ಸಾರ್?" ಎಂದು ತಮಿಳಿನಲ್ಲಿ ನನ್ನನ್ನು ಕೇಳಿದರು, ಎಷ್ಟು ಕೊಡುತ್ತದೆ ಅಂತ.

ಕೀ ಹಿಡಿದ ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವರಿಗೆ ಕಂಡದ್ದು ನನ್ನ ಮೀಸೆ ಮಾತ್ರ.