ಮೂಗಿನ ಕಾರಿಗೆ ಹಾಕಿದ ಬೀಗ

ನಮ್ಮ ಷೆಡ್ಡಿನಲ್ಲಿರುವ ಅಮೆರಿಕದ ಕಾರು ಯಾವ ಕಂಪನಿಯದೆಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆಯೇ ಯಾರೋ ದಲ್ಲಾಳಿ ಗೇಟಿನ ಹತ್ತಿರ ನಿಂತು, “ಸುಮ್ನೆ ನೋಡ್ಕೊಂಡು ಹೋಗ್ತೀನಿ ಸಾರ್” ಎನ್ನುತ್ತಾನೆ. ಸುಮ್ಮನೆ ನೋಡಿಕೊಂಡು ಹೋಗುವವನನ್ನು ನಾನು ಇಷ್ಟು ವಯಸ್ಸಾದರೂ ಕಂಡಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮಪ್ಪ ಹೇಳುತ್ತಿದ್ದರು. ಅವರು ನನಗೆ ಬಿಟ್ಟುಹೋದದ್ದರಲ್ಲಿ ಕಾಫಿ ತೋಟ ಅರ್ಧ, ಈ ಮಾತು ಪೂರ್ತಿ.

ಊರಿನವರಿಗೆ ಕಂಪನಿಯ ಹೆಸರು ಬೇಕಾಗಿಯೂ ಇಲ್ಲ. ಅವರಿಗೆ ಅದು ಮೂಗಿನ ಕಾರು. ಬೇರೆ ಕಾರುಗಳಿಗೆ ಮುಂದೆ ಹಲ್ಲು ಕಿರಿದಂಥ ಜಾಲರಿ ಇರುವ ಕಡೆ ಇದಕ್ಕೆ ವಿಮಾನದ ಮೂತಿಯಂತೆ ಚಾಚಿಕೊಂಡ ದುಂಡನೆಯ ಮೂಗಿದೆ. ಮೂಗಿನ ತುದಿಗೆ ಬಿಚ್ಚಿ ತೆಗೆಯಬಹುದಾದ ಕ್ರೋಮಿನ ಟೊಪ್ಪಿಗೆ, ನಾವು ಮೂಗೆನ್ನುವುದು ಅದನ್ನೇ. ಬೋರಲು ಹಾಕಿದರೆ ಸಣ್ಣ ಗೋಪುರ, ಮಗುಚಿದರೆ ಸೇರು ಅಕ್ಕಿ ಹಿಡಿಯುವ ಪಾತ್ರೆ. ಹಿಂದಿನ ಗಾಜು ಈ ಬದಿಯಿಂದ ಆ ಬದಿಯವರೆಗೆ ಬಾಗಿಕೊಂಡು ಹೋಗಿದೆ. ಬಾನೆಟ್ಟು ಎಷ್ಟು ಉದ್ದವೋ ಡಿಕ್ಕಿಯೂ ಹೆಚ್ಚುಕಮ್ಮಿ ಅಷ್ಟೇ ಉದ್ದ. “ಇದು ಬತ್ತಾ ಐತೋ ಹೋಯ್ತಾ ಐತೋ” ಎಂದು ಸಂತೆಯಲ್ಲಿ ಜನ ನಗುತ್ತಿದ್ದರಂತೆ. ಅಮೆರಿಕದಲ್ಲೂ ಜನ ಇದೇ ಮಾತು ಹೇಳಿ ನಗುತ್ತಿದ್ದರು ಎಂದು ಚಿಕ್ಕಪ್ಪ ಹೇಳಿದಾಗ ನಾನು ನಂಬಲಿಲ್ಲ. ಆಮೇಲೆ ಮೊಬೈಲಿನಲ್ಲಿ ಹುಡುಕಿದೆ, ನಿಜವಾಗಿತ್ತು. ಚಿಕ್ಕಪ್ಪ ಹೇಳಿದ್ದನ್ನೆಲ್ಲ ಹೀಗೆ ಅವರ ಬೆನ್ನ ಹಿಂದೆ ಪರೀಕ್ಷೆ ಮಾಡುವುದು ನನ್ನ ಅಭ್ಯಾಸ.

ಚಿಕ್ಕಪ್ಪ ಎಂದರೆ ನಮ್ಮಪ್ಪನ ಒಬ್ಬನೇ ತಮ್ಮ. ಎಂಬತ್ತು ಹತ್ತಿರವಾಯಿತು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಕಾಫಿ ಪಟ್ಟಿ, ಒಂದು ಕೆರೆ. ಕಾರು ತಂದವರು ನಮ್ಮಜ್ಜ. ಏಲಕ್ಕಿ ವ್ಯಾಪಾರದವರು. ಸೋಮವಾರಪೇಟೆ ಕಡೆಯ ಎಸ್ಟೇಟಿನ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನೆಲ್ಲ ಹರಾಜಾಯಿತಂತೆ. ಉಳಿದವರು ಪಿಂಗಾಣಿ ತಟ್ಟೆ, ಗೋಡೆ ಗಡಿಯಾರ ಹೊತ್ತುಕೊಂಡು ಬಂದರೆ ಅಜ್ಜ ಕಾರು ಹೊಡೆಸಿಕೊಂಡು ಬಂದರು. ಕಡೆಗಾಲದಲ್ಲಿ ನಡೆಯಲಾಗದಿದ್ದಾಗಲೂ ಷೆಡ್ಡಿನೆದುರು ಕುರ್ಚಿ ಹಾಕಿಸಿಕೊಂಡು ಆ ಮೂಗನ್ನೇ ನೋಡುತ್ತ ಕೂರುತ್ತಿದ್ದರು. ನಮ್ಮಲ್ಲಿ ಸುಡುವ ಪದ್ಧತಿ ಇಲ್ಲ. ಕೂರಿಸಿ ಮಣ್ಣು ಮಾಡಿ ಮೇಲೆ ಗದ್ದುಗೆ ಕಟ್ಟುತ್ತೇವೆ. ಅಜ್ಜನ ಗದ್ದುಗೆ ಷೆಡ್ಡಿನ ಪಕ್ಕದಲ್ಲೇ ಇದೆ: ಒಂದು ಕಲ್ಲುಕಟ್ಟೆ, ಅದರ ಮೇಲೆ ಪುಟ್ಟ ಮಂಟಪ, ತುದಿಯಲ್ಲಿ ಕಳಶ. ಪ್ರತಿವರ್ಷ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮುಂಚೆ ಕಟ್ಟೆಗೆ ಸುಣ್ಣ ಬಳಿದು ಕಳಶಕ್ಕೆ ಚಿನ್ನದ ಬಣ್ಣ ಹೊಡೆಯುವುದು ನನ್ನ ಪಾಲಿನ ಕೆಲಸ.

ಕಾರನ್ನು ನೋಡಿಕೊಳ್ಳುವುದು ಚಿಕ್ಕಪ್ಪನ ಕೆಲಸ. ಅದರ ಗೇರು ಇರುವುದು ಸ್ಟೇರಿಂಗಿನ ಕೆಳಗೆ. ಈಗ ಅದನ್ನು ಹಾಕಲು ಬರುವುದು ಅವರೊಬ್ಬರಿಗೇ. ದಿನಾ ಬೆಳಿಗ್ಗೆ ಹಳೇ ಬನಿಯನ್ನು ಹಿಡಿದು ಬಂದು ಒರೆಸುವರು, ಎಂಜಿನ್ನು ಒಂದು ಸಲ ಗುರುಗುಟ್ಟಿಸಿ ನಿಲ್ಲಿಸುವರು. ಕಂಪನಿಯ ಚರಿತ್ರೆ ಅವರಿಗೆ ನಮ್ಮ ವಂಶಾವಳಿಗಿಂತ ಚೆನ್ನಾಗಿ ಗೊತ್ತು. ಅದನ್ನು ಕಟ್ಟಿದವರು ಕಮ್ಮಾರಿಕೆಯ ಅಣ್ಣತಮ್ಮಂದಿರಂತೆ. ಮೊದಲು ಮಾಡುತ್ತಿದ್ದುದು ಕುದುರೆ ಕಟ್ಟುವ ಸರಕಿನ ಗಾಡಿ. ಅವರಲ್ಲೊಬ್ಬ ಚಿನ್ನ ಅಗೆಯುವವರಿದ್ದ ಸೀಮೆಗೆ ಹೋಗಿ ಚಿನ್ನ ಹುಡುಕುವುದು ಬಿಟ್ಟು ಒಂಟಿಚಕ್ರದ ಕೈಗಾಡಿ ಮಾಡಿ ಮಾರಿದ, ಗಳಿಸಿದ್ದನ್ನು ತಂದು ಅಣ್ಣಂದಿರ ಅಂಗಡಿಗೇ ಹಾಕಿದ. ಮುಂದೆ ಗಾಡಿ ಹೋಗಿ ಕಾರು ಬಂತು. ದೊಡ್ಡ ಯುದ್ಧ ಮುಗಿದಾಗ ಉಳಿದ ಕಂಪನಿಗಳು ಹಳೇ ಅಚ್ಚಿಗೇ ಹೊಸ ಪಾಲಿಶ್ ಹಚ್ಚುತ್ತಿದ್ದರೆ, ಇವರು ಮಡ್‌ಗಾರ್ಡನ್ನೂ ಮೈಯನ್ನೂ ಒಂದು ಮಾಡಿ ಬೇರೆಯದೇ ರೂಪ ತಂದರು. ವಿಮಾನ ಕಂಡು ಲೋಕವೇ ಮರುಳಾಗಿದ್ದ ಕಾಲವಾದ್ದರಿಂದ ಮುಂದಿನ ಮಾದರಿಗೆ ಮೂಗೂ ಬಂತು. ಸ್ವಲ್ಪ ಕಾಲಕ್ಕೇ ಮೂಗು ಸಾಕೆನಿಸಿ ಅವರೇ ತೆಗೆದರು. ಕೊನೆಗೆ ದೊಡ್ಡ ಕಂಪನಿಗಳ ಎದುರು ನಿಲ್ಲಲಾಗದೆ ಬಾಗಿಲು ಹಾಕಿದರು.

“ಅಣ್ಣತಮ್ಮಂದಿರು ಸೇರಿ ಮಾಡಿದ್ದು ಕಣಪ್ಪ” ಎಂದು ಚಿಕ್ಕಪ್ಪ ಪ್ರತಿ ಸಲವೂ ಕೊನೆಗೆ ಹೇಳುವರು. ನಮ್ಮಪ್ಪ ಬದುಕಿದ್ದಷ್ಟು ಕಾಲ ಆ ಭಾಗವನ್ನು ಮಾತ್ರ ನಂಬಲಿಲ್ಲ.

ಈ ವರ್ಷ ದಸರೆಗೆ ಮಡಿಕೇರಿಯಲ್ಲಿ ಹಳೇ ಕಾರುಗಳ ಓಟವಿದೆಯೆಂದು ಸುದ್ದಿ ಬಂತು. ಚಿಕ್ಕಪ್ಪ ಅಂದೇ ಸಂಜೆ ಕೆರೆ ಏರಿಯ ಮೇಲೆ ಕೋಲೂರಿಕೊಂಡು ಬಂದರು.

“ಒಂದ್ಸಲ ಮಡಿಕೇರಿ ಘಾಟಿ ಹತ್ತಿಸ್ತೀನಿ. ಆಮ್ಯಾಲೆ ಸ್ಟೇರಿಂಗ್ ಮುಟ್ಟಾಕಿಲ್ಲ. ನನ್ ಕಣ್ಣೂ ಮಂಜಾಯ್ತಾ ಐತೆ, ಮುಂದಿನ್ ವರ್ಷ ಆಗಾಕಿಲ್ಲ” ಎಂದರು.

ಅವರು ನನ್ನಲ್ಲಿ ಏನನ್ನೂ ಕೇಳಿದವರಲ್ಲ. ನಾನು ಹೂಂ ಎಂದೆ. ಆದರೆ ಊರಿನೆದುರು ಹೋಗುವ ಮುಂಚೆ ಒಮ್ಮೆ ತಿಳಿದವರಿಗೆ ತೋರಿಸೋಣವೆಂದು ಮೈಸೂರಿನಿಂದ ಹಳೇ ಕಾರುಗಳ ಪರಿಣತನೊಬ್ಬನನ್ನು ಕರೆಸಿದೆ. ಆತನ ಮೇಲೂ ನನಗೆ ನಂಬಿಕೆ ಇರಲಿಲ್ಲ, ಷೆಡ್ಡಿನೊಳಕ್ಕೆ ಬರುವಾಗ ಬ್ಯಾಗನ್ನು ಹೊರಗೇ ಬಿಡಿಸಿದೆ. ಆತ ಸುತ್ತ ಬಂದ, ಬಗ್ಗಿದ, ಬೆರಳಿನಿಂದ ಮೂಗನ್ನು ತಟ್ಟಿದ. ಆಮೇಲೆ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಮೂಗಿಗೆ ಹಿಡಿದ. ಅದು ಟಕ್ಕೆಂದು ಅಂಟಿಕೊಂಡಿತು.

“ಮಿಕ್ಕಿದ್ದೆಲ್ಲ ಒರಿಜಿನಲ್ ಸಾರ್. ಇದೊಂದು ಡೂಪ್ಲಿಕೇಟು” ಎಂದ. “ಕಂಪನಿಯವರ ಮೂಗು ಎರಕದ್ದು, ತೂಕ ಇರುತ್ತೆ, ಅಯಸ್ಕಾಂತ ಹಿಡಿಯಲ್ಲ. ಇದು ತಗಡು ಬಡಿದು ಪಾಲಿಶ್ ಹಾಕಿರೋದು. ಒಳ್ಳೇ ಕೈ ಮಾಡಿರೋದು, ಆದ್ರೆ ತಗಡೇ.”

ಆತ ಹೋದ ಮೇಲೆ ನಾನು ಅಲ್ಲೇ ನಿಂತೆ. ಷೆಡ್ಡಿನ ಬೀಗದ ಕೈ ಇರುವುದು ಎರಡು. ಒಂದು ನನ್ನ ಹತ್ತಿರ, ಇನ್ನೊಂದು ಚಿಕ್ಕಪ್ಪನ ಹತ್ತಿರ. ದಿನಾ ಮೂಗು ಒರೆಸುವವರಿಗೆ ಮೂಗು ಬದಲಾದದ್ದು ತಿಳಿಯದೇ ಇರುತ್ತದೆಯೇ? ಬೇಲಿಯೇ ಎದ್ದು ಹೊಲ ಮೇಯ್ದಿತು ಎನಿಸಿತು. ನನಗೆ ಹೊಟ್ಟೆ ಉರಿಯಿತು. ಮೂಗಿಗಾಗಿ ಅಲ್ಲ, ನಾನು ಇಷ್ಟು ಹುಷಾರಾಗಿದ್ದೂ ಮೋಸಹೋದೆನಲ್ಲ ಎಂದು.

ಅವರು ಕಾರು ಒರೆಸಲು ಬಂದಾಗ ಕೇಳಿಯೇ ಬಿಟ್ಟೆ. “ಚಿಕ್ಕಪ್ಪ, ಕಾರಿನ ನಿಜವಾದ ಮೂಗೆಲ್ಲಿ?”

ಅವರು ಬನಿಯನ್ನು ಕೊಡವಿ ಮಡಿಸಿದರು. ಮಡಿಸಿದ್ದನ್ನೇ ಮತ್ತೆ ಬಿಚ್ಚಿ ಮಡಿಸಿದರು. “ಇರಬೇಕಾದ್ ಕಡೆ ಐತೆ ಬುಡು” ಎಂದರು.

ಇದಕ್ಕಿಂತ ಉದ್ಧಟತನದ ಉತ್ತರ ನಾನು ಕೇಳಿರಲಿಲ್ಲ. ಇರಬೇಕಾದ ಕಡೆ ಎಂದರೆ ಎಲ್ಲಿ? ಯೋಚಿಸಿದಾಗ ಹೊಳೆದದ್ದು ಕಕ್ಕಬೆ. ಚಿಕ್ಕಪ್ಪನ ಅಳಿಯ ಅಲ್ಲಿ ಹೋಮ್‌ಸ್ಟೇ ನಡೆಸುತ್ತಾನೆ. ಅದರ ಹಜಾರದ ತುಂಬ ಹಳೇ ಸಾಮಾನು: ಗ್ರಾಮಫೋನು, ಟೈಪ್‌ರೈಟರು, ಲಾಂದ್ರ. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಥ ಕಡೆ ಅಮೆರಿಕದ ಮೂಗೊಂದು ಹೂದಾನಿಯಾಗಿ ಕೂತಿರುವುದು ನನ್ನ ಕಣ್ಣಿಗೇ ಕಟ್ಟಿತು. ಒಂದು ಅಯಸ್ಕಾಂತ ಕೊಂಡು ಜೇಬಿಗೆ ಹಾಕಿಕೊಂಡೆ. ಜೇನುತುಪ್ಪ ಬೇಕಿತ್ತು ಎಂಬ ನೆಪ ಹೇಳಿ ಕಕ್ಕಬೆಗೆ ಹೋದೆ. ಹಜಾರದಲ್ಲಿ ದುಂಡಗಿರುವುದಕ್ಕೆಲ್ಲ ಅಯಸ್ಕಾಂತ ಹಿಡಿದೆ, ಗ್ರಾಮಫೋನಿನ ಕಹಳೆಯನ್ನೂ ಬಿಡಲಿಲ್ಲ. ಅಳಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು, “ಏನ್ ಭಾವ, ಬೆನ್ನು ನೋವಿಗೆ ಹೊಸ ಔಷಧಿನಾ?” ಎಂದ. ಮೂಗು ಸಿಗಲಿಲ್ಲ. ಸಿಗದಿದ್ದುದರಿಂದ ಅನುಮಾನ ಇನ್ನೂ ಗಟ್ಟಿಯಾಯಿತು, ಒಳಗೆಲ್ಲೋ ಬಚ್ಚಿಟ್ಟಿದ್ದಾನೆ ಎಂದುಕೊಂಡೆ.

ವಾಪಸು ಬರುವಾಗಲೇ ಕುಶಾಲನಗರಕ್ಕೆ ಸುತ್ತಿ ಬಂದು ಹೊಸ ಬೀಗ ತಂದು ಷೆಡ್ಡಿಗೆ ಹಾಕಿದೆ. ಅದರ ಕೈ ಚಿಕ್ಕಪ್ಪನಿಗೆ ಕೊಡಲಿಲ್ಲ.

ಮಾರನೇ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಚಿಕ್ಕಪ್ಪ ಹಳೇ ಬೀಗದ ಕೈಯನ್ನು ಹೊಸ ಬೀಗಕ್ಕೆ ತೂರಿಸಿ ತಿರುಗಿಸಿದರು. ಆಗಲಿಲ್ಲ. ಕಣ್ಣಿನ ಹತ್ತಿರ ಹಿಡಿದು ಬೀಗವನ್ನು ಸವರಿ ನೋಡಿದರು. ಆಮೇಲೆ ಬನಿಯನ್ನನ್ನು ಹೆಗಲ ಮೇಲೆ ಹಾಕಿಕೊಂಡು ಕೆರೆ ಏರಿಯ ಮೇಲೆ ಹೊರಟುಹೋದರು. ನನ್ನ ಹೆಂಡತಿ ಕಾಫಿ ಸೋಸುತ್ತಿದ್ದಳು.

“ಮಡಿಕೇರಿಗೆ ಕಾರ್ ಯಾರು ಓಡಿಸ್ತಾರೆ?” ಎಂದು ಕೇಳಿದಳು.

“ಯಾರಾದ್ರೂ ಡ್ರೈವರ್ ಸಿಗ್ತಾನೆ.”

“ಸಿಗ್ತಾನೆ. ಅವನ್ ಜೇಬಿಗೂ ಅಯಸ್ಕಾಂತ ಹಿಡೀರಿ” ಎಂದು ಲೋಟವನ್ನು ಕುಕ್ಕಿ ಇಟ್ಟಳು.

ಚಿಕ್ಕಪ್ಪ ಮತ್ತೆ ಬರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ನಾನು ಸಮಾಧಾನ ಮಾಡಿಕೊಂಡೆ. ಬೆಳಿಗ್ಗೆ ಎಂಜಿನ್ನಿನ ಸದ್ದಿಲ್ಲದೆ ಅಂಗಳ ಮಾತ್ರ ಬಿಕೋ ಎನ್ನುತ್ತಿತ್ತು.

ಅಮಾವಾಸ್ಯೆ ಬಂತು. ಸುಣ್ಣದ ಬಕೆಟ್ಟು, ಚಿನ್ನದ ಬಣ್ಣದ ಡಬ್ಬಿ ಹಿಡಿದು ಗದ್ದುಗೆಗೆ ಹೋದೆ. ಈ ಸಲ ಮಳೆ ಬಿಡದೆ ಹೊಡೆದಿದ್ದರಿಂದ ಕಳಶದ ಮೇಲಿನ ಹಳೇ ಬಣ್ಣ ಹೊಪ್ಪಳೆ ಎದ್ದಿತ್ತು. ವರ್ಷವರ್ಷವೂ ಬಣ್ಣದ ಮೇಲೆ ಬಣ್ಣ ಹೊಡೆದು ಹಲಸಿನ ತೊಳೆಯಷ್ಟು ದಪ್ಪವಾಗಿತ್ತು. ಕೆರೆದು ಹೊಡೆಯೋಣವೆಂದು ಚಾಕು ಹಾಕಿದೆ. ಅಂಗೈ ಅಗಲದ ಚಕ್ಕೆ ಒಂದೇ ಸಲಕ್ಕೆ ಕಳಚಿ ಬಿತ್ತು. ಒಳಗೆ ತಾಮ್ರವಿರಬಹುದು, ಹಿತ್ತಾಳೆಯಿರಬಹುದು ಎಂದುಕೊಂಡಿದ್ದೆ. ನನ್ನ ಮುಖವೇ ಕಂಡಿತು.

ಕ್ರೋಮು. ಜೇಬಿನಲ್ಲಿದ್ದ ಅಯಸ್ಕಾಂತ ತೆಗೆದು ಹಿಡಿದೆ. ಹಿಡಿಯಲಿಲ್ಲ, ಜಾರಿ ಸುಣ್ಣದ ಬಕೆಟ್ಟಿಗೆ ಬಿತ್ತು. ತುದಿಯಲ್ಲಿ ಯಾರೋ ಒಂದು ಹಿತ್ತಾಳೆಯ ಮೊಗ್ಗು ಬೆಸೆದಿದ್ದರು. ಅದೊಂದನ್ನು ಬಿಟ್ಟರೆ ಅಂಚಿನ ಸುತ್ತು, ಹೊಟ್ಟೆಯ ಉಬ್ಬು ಎಲ್ಲ ಅದೇ. ಕಕ್ಕಬೆವರೆಗೆ ಹೋಗಿ ಹುಡುಕಿದ ಮೂಗಿಗೆ ಇಷ್ಟು ವರ್ಷ ನಾನೇ ನನ್ನ ಕೈಯಾರೆ ಬಣ್ಣ ಬಳಿದಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವವರನ್ನು ಕಂಡು ನಾನೇ ಎಷ್ಟೋ ಸಲ ನಕ್ಕಿದ್ದೇನೆ.

ಆಗ ಮನಸ್ಸಿಗೆ ಮೊದಲು ಬಂದದ್ದು ಮಡಿಕೇರಿ. ಇದನ್ನು ಬಿಚ್ಚಿ, ತೊಳೆದು, ಕಾರಿಗೆ ಕೂರಿಸಿದರೆ ಪೂರ್ತಿ ಒರಿಜಿನಲ್. ಎಷ್ಟು ಗಟ್ಟಿಯಾಗಿದೆ ನೋಡೋಣವೆಂದು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಹಿಂದೆ ಕೋಲಿನ ಸದ್ದಾಯಿತು. ಎಡೆಗೆ ಹೂವು ತಂದಿದ್ದ ಚಿಕ್ಕಪ್ಪ ನಿಂತಿದ್ದರು.

“ಕೈ ತೆಗಿ” ಎಂದರು. ಆ ದನಿಯಲ್ಲಿ ಅವರು ನನ್ನೊಡನೆ ಎಂದೂ ಮಾತಾಡಿರಲಿಲ್ಲ. ನಾನು ಕೈ ತೆಗೆದೆ.

ಅವರು ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು ಹೇಳಿದರು. ಅಜ್ಜ ಹೋದ ಮೇಲೆ ನಮ್ಮಪ್ಪ ಕಾರನ್ನು ಗುಜರಿಗೆ ಹಾಕುವ ಮಾತಾಡುತ್ತಿದ್ದರಂತೆ. ಅಜ್ಜಿ ಒಂದು ದಿನ ಚಿಕ್ಕಪ್ಪನನ್ನು ಕರೆದು, “ಅವ್ರು ಕಣ್ಣು ಮುಚ್ಚೋವರ್ಗೂ ನೋಡಿದ್ದು ಆ ಮೂಗುನ್ನೇ. ಕಾರ್ ಹೋದ್ರೆ ಹೋಗ್ಲಿ, ಅದು ಅವ್ರ ತಲೆ ಮ್ಯಾಲಿರ್ಲಿ. ನಿಮ್ಮಣ್ಣಂಗೆ ಹೇಳ್‌ಬ್ಯಾಡ” ಎಂದರಂತೆ. ಮಂಟಪಕ್ಕೆ ಕಳಶ ಕೂರಿಸುವ ಹೊತ್ತಿಗೆ ಚಿಕ್ಕಪ್ಪ ಮೂಗು ಬಿಚ್ಚಿ ಬಣ್ಣ ಹೊಡೆದು ತಂದರು, ಕಾರಿಗೆ ತಗಡಿನದನ್ನು ಮಾಡಿಸಿದರು. ಪೂಜೆಗೆ ಬಂದ ಸ್ವಾಮಿಗಳು ಅದಕ್ಕೇ ವಿಭೂತಿ ಹಚ್ಚಿ, ಹೂವೇರಿಸಿ ಹೋದರು.

“ನಂಗೆ ಯಾಕ್ ಹೇಳ್ಲಿಲ್ಲ?” ಎಂದೆ.

“ಹೇಳಿದ್ರೆ ನೀನು ಬಿಚ್ತಿದ್ದೆ. ಈಗ ಬಿಚ್ತಿರ್ಲಿಲ್ವಾ?”

ನಾನು ಇಲ್ಲ ಎಂದೆ. ಅವರು ನನ್ನ ಕೈಗಳನ್ನು ನೋಡಿದರು. ಚಿನ್ನದ ಬಣ್ಣದ ಪುಡಿ ಎರಡೂ ಅಂಗೈಗೆ ಮೆತ್ತಿಕೊಂಡಿತ್ತು.

ಅಜ್ಜಿ ಹೀಗೆ ಹೇಳಿದ್ದು ನಿಜವೋ ಸುಳ್ಳೋ, ಕೇಳೋಣವೆಂದರೆ ಸಾಕ್ಷಿ ಯಾರೂ ಇಲ್ಲ. ಆ ಹೊತ್ತಿನಲ್ಲೂ ನನ್ನ ತಲೆಗೆ ಇದು ಬಂತೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬಂತು. ಆಮೇಲೆ ಅವರೆದುರೇ ಕಳಶಕ್ಕೆ ಬಣ್ಣ ಹೊಡೆದೆ, ಚಕ್ಕೆ ಹೋದ ಕಡೆ ಎರಡು ಸಲ. ಎಡೆ ಇಟ್ಟು ಕೈ ಮುಗಿದ ಮೇಲೆ ಜೇಬಿನಿಂದ ಷೆಡ್ಡಿನ ಹೊಸ ಬೀಗದ ಕೈ ತೆಗೆದು ಅವರ ಮುಂದೆ ಹಿಡಿದೆ.

“ತಗಳಿ ಚಿಕ್ಕಪ್ಪ. ತಗಡಿನ್ ಮೂಗಲ್ಲೇ ಹೋಗಾಣ. ಮಡಿಕೇರಿಗೆ ನೀವೇ ಓಡ್ಸಿ.”

ಅವರು ಕೈ ಚಾಚಲಿಲ್ಲ. ಬೀಗದ ಕೈಯನ್ನೊಮ್ಮೆ, ಕಳಶವನ್ನೊಮ್ಮೆ ನೋಡಿದರು.

“ಷೆಡ್ಡಿಗೆ ಬಾಗ್ಲಿತ್ತು, ನೀನು ಬೀಗ ಹಾಕ್ದೆ. ಗದ್ದುಗೆಗೆ ಬಾಗ್ಲೇ ಇಲ್ವಲ್ಲಪ್ಪ. ನಾನು ಮಡಿಕೇರಿಗೆ ಹೋದ್ರೆ ಇದುನ್ನ ಕಾಯೋರ್ಯಾರು?”

ದಸರೆಗೆ ಕಾರು ಹೋಗಲಿಲ್ಲ. ಅಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡಿದಾಗ ಚಿಕ್ಕಪ್ಪ ಅಜ್ಜನ ಗದ್ದುಗೆಯ ಕಟ್ಟೆ ಮೇಲೆ ಕೂತಿದ್ದರು. ಷೆಡ್ಡಿನ ಬೀಗ ತೆಗೆದು ಬಾಗಿಲು ಹಾರು ಹೊಡೆದಿಟ್ಟಿದ್ದೆ. ಅವರು ಅತ್ತ ತಿರುಗಿಯೂ ನೋಡಲಿಲ್ಲ, ನಮ್ಮ ಮನೆಯ ಬಾಗಿಲನ್ನೇ ನೋಡುತ್ತಿದ್ದರು.