ಜಮಾಲಸಾಬರು ಓದದೆ ಬಿಡುವುದಿಲ್ಲ

ಖಾನಾಪುರದ ನೋಂದಣಿ ಕಚೇರಿಯ ಎದುರು ಕೂರುವ ಪತ್ರ ಬರಹಗಾರ ಜಮಾಲಸಾಬರು ಬರೆಯುವುದಕ್ಕಿಂತ ಓದುವುದೇ ಹೆಚ್ಚು. ಹೆಬ್ಬೆಟ್ಟು ಒತ್ತುವವರು ಯಾರೇ ಇರಲಿ, ಬರೆದ ಪತ್ರವನ್ನು ಒಮ್ಮೆ ಕಚೇರಿಯ ಕನ್ನಡದಲ್ಲಿ, ಇನ್ನೊಮ್ಮೆ ಅವರ ಮನೆಮಾತಿನಲ್ಲಿ, ಅದು ಮರಾಠಿಯಾದರೂ ಸರಿ, ಬೀದಿಗೆಲ್ಲ ಕೇಳುವಂತೆ ಓದುತ್ತಾರೆ. ಬಾಜೂ ಚಹಾದಂಗಡಿಯವನಿಗೆ ಅರ್ಧ ತಾಲ್ಲೂಕಿನ ಹೊಲಗಳ ಗಡಿ ಬಾಯಿಪಾಠವಾಗಿದೆ. ಹಾಸ್ಯ ಬರೆಯುವ ನನ್ನನ್ನು ಕಂಡರೆ, “ಬರದಾಂವ ಓದಿ ತಿಳಿಸಬೇಕ್ರಿ, ನೀವು ಯಾರ್ ಮುಂದರ ಓದ್ತೀರೇನು?” ಎನ್ನುತ್ತಾರೆ. ಓದಿದರೆ ಕೇಳುವವರು ಎದ್ದು ಹೋಗುತ್ತಾರೆಂದು ನಾನು ಬಾಯಿಬಿಡುವುದಿಲ್ಲ. ಮೊನ್ನೆ ಗುಂಜಿಯ ಚಂದ್ರವ್ವನನ್ನು ಅವಳ ಅಣ್ಣ ಕರೆತಂದಿದ್ದ. ತವರಿನ ಹೊಲದಲ್ಲಿ ತನಗೆ ಪಾಲು ಬೇಡವೆಂಬ ಪತ್ರಕ್ಕೆ ಅವಳ ಹೆಬ್ಬೆಟ್ಟು ಬೇಕಿತ್ತು. “ಓದೂದು ಬ್ಯಾಡ್ರಿ ಸಾಹೇಬ್ರ, ಆಕಿಗೆ ಎಲ್ಲಾ ಗೊತ್ತೈತಿ,” ಎಂದ. “ಗೊತ್ತಿದ್ರ ಇನ್ನೊಮ್ಮೆ ಕೇಳ್ಲಿ ಬಿಡಪಾ,” ಎಂದು ಜಮಾಲಸಾಬರು ಓದಿಯೇಬಿಟ್ಟರು. “ಯವ್ವಾ, ಇವತ್ತಿನಿಂದ ಆ ಹೊಲದಾಗ ನಿಂದು ಒಂದು ಹಿಡಿ ಮಣ್ಣೂ ಇಲ್ಲ.” ಶಾಯಿ ಹಚ್ಚಿದ ಹೆಬ್ಬೆಟ್ಟು ಕಾಗದದಿಂದ ಎರಡು ಬೆರಳು ಮೇಲೆ ನಿಂತಿತು. “ಯಣ್ಣಾ, ನನ್ನ ಹೆಸರು ಕೂಡಸೂ ಕಾಗದ ಅಂದಿದ್ಯಲ್ಲೋ,” ಎಂದ ಚಂದ್ರವ್ವ, ಆ ಶಾಯಿಯನ್ನು ಅಣ್ಣನ ಬಿಳಿ ಅಂಗಿಯ ತೋಳಿಗೆ ಒರೆಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.