ಎರಡನೆಯ ಆಟದ ಗಡಿಗೆಗಳು

ನನಗೆ ಅಕ್ಷರ ಅಷ್ಟಕ್ಕಷ್ಟೇ. ಬಸ್ಸಿನ ಬೋರ್ಡು ಓದುತ್ತೇನೆ, ಸಹಿ ಮಾಡುತ್ತೇನೆ. ಇಷ್ಟು ಬರೆಯುವುದಕ್ಕೇ ಐದಾರು ದಿನ ಹಿಡಿದಿದೆ.

ಮೂರು ವರ್ಷದ ಹಿಂದೆ ಕಾಲು ಮುರಿದುಕೊಂಡು ರಾಯಚೂರಿನ ಮನೆಯಲ್ಲಿ ಮಲಗಿದ್ದೆ. ದೇವದುರ್ಗದಲ್ಲಿ ಟೀಚರಾಗಿರುವ ಮಗಳು ಕೈಯಲ್ಲಿ ಹಿಡಿದು ಆಡುವ ಒಂದು ಗೇಮ್ ತಂದುಕೊಟ್ಟಳು. ನನ್ನ ಬಾಯಿಯಿಂದ ಎಲ್ಲರಿಗೂ ಸ್ವಲ್ಪ ಬಿಡುವು ಸಿಗಲಿ ಎಂದೇ ತಂದದ್ದು. ಅದರಲ್ಲಿ ಕತ್ತಿ ಹಿಡಿದ ಹುಡುಗಿಯೊಬ್ಬಳು ಕಾಡು, ಗುಹೆ, ಪಾಳು ಕೋಟೆ ಸುತ್ತಿ ಕಳೆದುಹೋದ ಅಕ್ಕನನ್ನು ಹುಡುಕುತ್ತಾಳೆ.

ನನ್ನನ್ನು ನೋಡಿಕೊಳ್ಳಲು ಮಾನ್ವಿಯಿಂದ ನಾದಿನಿ ಬಂದಿದ್ದಳು. ಅಲ್ಲಿ ಶಾಲೆಯಲ್ಲಿ ಆಯಾ ಆಗಿದ್ದವಳು, ಇಂಗ್ಲಿಷ್ ಅಕ್ಷರ ಬಲ್ಲಳು. ಗುಂಡಿ ಒತ್ತುವುದು ನಾನು, ಪರದೆಯ ಮೇಲಿನ ಮಾತು ಓದುವುದು ಅವಳು. ಒಂದೊಂದೇ ಅಕ್ಷರ ಕೂಡಿಸಿ ಓದಿ, ತಿಳಿಯದ್ದನ್ನು ತಾನೇ ಹೊಂದಿಸಿ ಹೇಳುತ್ತಿದ್ದಳು. ಅವಳ ಮಾತು ನಂಬಿ ಆ ಹುಡುಗಿಯನ್ನು ಎರಡು ದಿನ ಬರೀ ಒಂದು ಬಾವಿ ಸುತ್ತಿಸಿ ನಕ್ಕಿದ್ದೇವೆ.

ಒಂದು ಕೆಲಸ ಮಾತ್ರ ನಾನು ಮಾಡುತ್ತಿರಲಿಲ್ಲ. ಆ ಆಟದಲ್ಲಿ ಎಲ್ಲಿ ನೋಡಿದರೂ ಮಣ್ಣಿನ ಗಡಿಗೆ. ಒಡೆದರೆ ಒಳಗೆ ಕೀಲಿಕೈ, ಔಷಧಿ ಸಿಗುತ್ತವೆ. ನಮ್ಮಲ್ಲಿ ಬೇಕೆಂದೇ ಗಡಿಗೆ ಒಡೆಯುವುದು ಹೆಣದ ಮುಂದೆ. ಗಡಿಗೆ ಬಂದ ಕೂಡಲೇ ಗೇಮ್ ಅವಳ ಕೈಗೆ ಕೊಟ್ಟು ಗೋಡೆ ಕಡೆ ನೋಡುತ್ತಿದ್ದೆ.

“ಓಣಿ ಮಂದಿನ್ನೆಲ್ಲ ಬೈದು ಓಡಸ್ತಿ, ಗಡಿಗಿಗಿ ಅಂಜ್ತಿ ಏನ ಅತ್ತಿಗಿ?” ಎನ್ನುತ್ತಿದ್ದಳು.

“ಬಾಯಿ ಮುಚ್ಕೊಂಡು ಒಡಿ ಬೇ.”

ಬೇಡವಾದವನ್ನೂ ಬಿಡದೆ ಒಡೆಯುತ್ತಿದ್ದಳು.

ಕಾಲು ಕೂಡಿತು, ಆಟ ಮುಗಿಯಿತು. ಅಕ್ಕ ಸಿಗಲಿಲ್ಲ. ಎರಡನೆಯ ಭಾಗ ಬರುತ್ತದೆ ಎಂದು ಕೊನೆಗೆ ಬರೆದಿತ್ತು. ಅದನ್ನೂ ಕೂಡಿಯೇ ಆಡುವುದು ಎಂದು ಮಾತಾಗಿ ನಾದಿನಿ ಊರಿಗೆ ಹೋದಳು. ಫೋನು ಮಾಡಿದಾಗಲೆಲ್ಲ ಅದು ಬಂತೇನು ಎಂದೇ ಕೇಳುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ನಾನು ಮಾನ್ವಿಯಲ್ಲಿ ಬಸ್ಸಿಳಿದು ಹೋಗುವಷ್ಟರಲ್ಲಿ ಹೆಣ ಎತ್ತಿಬಿಟ್ಟಿದ್ದರು. ದಾರಿಯಲ್ಲಿ ಗಡಿಗೆಯ ಚೂರು ಬಿದ್ದಿದ್ದವು.

ಈ ಬೇಸಿಗೆಯಲ್ಲಿ ಮಗಳು ಎರಡನೆಯ ಭಾಗ ಹಾಕಿಕೊಟ್ಟಳು. ಚೆನ್ನಾಗಿಲ್ಲ ಎನ್ನಲಾರೆ. ನೀರು ನೀರಿನಂತೆಯೇ ಕಾಣುತ್ತದೆ. ಕುದುರೆ ಇದೆ, ಹತ್ತಿದರೆ ದಾರಿ ಬೇಗ ಸಾಗುತ್ತದೆ. ಆದರೆ ಇದರಲ್ಲಿ ಎಲ್ಲರೂ ತಾವೇ ಮಾತಾಡುತ್ತಾರೆ, ಹಿಂದಿಯಲ್ಲಿ. ಓಣಿಯ ಉರ್ದು ಕೇಳಿ ಬೆಳೆದವಳಿಗೆ ಅದು ತಿಳಿಯುತ್ತದೆ. ಎಲ್ಲಿಗೆ ಹೋಗಬೇಕೆಂದು ಬಾಣದ ಗುರುತು ತೋರಿಸುತ್ತದೆ. ಓದುವವರು ಬೇಕಿಲ್ಲ. ಆ ಹಳೆಯ ಬಾವಿಯೂ ಇದೆ. ಸುಮ್ಮನೆ ಎರಡು ಸುತ್ತು ಹಾಕಿದೆ. ನಗುವವರಿಲ್ಲ.

ಗಡಿಗೆ ಮಾತ್ರ ತಪ್ಪಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಮೂರು ಇದ್ದವು. ಎಂಟು ದಿನ ಹುಡುಗಿಯನ್ನು ಅಲ್ಲೇ ನಿಲ್ಲಿಸಿದೆ. ಮಗಳಿಗೆ ಫೋನು ಮಾಡಿ, ಬಂದು ಒಡೆದು ಹೋಗು ಎಂದೆ.

“ಯವ್ವಾ, ಗಡಿಗಿ ಒಡ್ಯಾಕ ದೇವದುರ್ಗದಿಂದ ಬರ್ಲೇನು? ಒಲ್ಲಿ ಅಂದ್ರ ಬಿಟ್ಟುಬಿಡು.”

ಬಿಡುವುದೂ ಆಗಲಿಲ್ಲ. ಅಕ್ಕ ಸಿಕ್ಕಳೋ ಇಲ್ಲವೋ ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ತಿಳಿಯಬೇಕಲ್ಲ.

ಹೋದ ವಾರ ಒಂದು ಮಧ್ಯಾಹ್ನ ಉಂಡ ತಾಟು ತೊಳೆದಿಟ್ಟು ಬಂದು ಒಡೆದೆ. ಗೋಡೆ ಕಡೆ ನೋಡಲಿಲ್ಲ. ಮೊದಲನೆಯದರಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ಕೀಲಿಕೈ ಇತ್ತು. ಮೂರನೆಯದನ್ನು ಒಡೆಯುವ ಅಗತ್ಯವಿರಲಿಲ್ಲ. ನಾದಿನಿಯಾಗಿದ್ದರೆ ಬಿಡುತ್ತಿರಲಿಲ್ಲ. ಅದನ್ನೂ ಒಡೆದು ಬಾಗಿಲು ತೆಗೆದೆ.